ಮಹಾಪ್ರಬಂಧವನ್ನು ಎಲ್ಲರಿಗೂ ತೆರೆದಿಟ್ಟರೆ ಕಳವಾಗುತ್ತದೆಯೇ?

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಬೋಧಿಸುತ್ತೇನೆ. ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳ ಕೊಳವೆಬಾವಿ ನೀರಿನಲ್ಲಿರುವ ಫ್ಲೋರೈಡ್ ಕುರಿತ ನನ್ನ ಪಿಎಚ್‌.ಡಿ. ಮಹಾಪ್ರಬಂಧ ಮುಗಿಯುತ್ತ ಬಂದಿದೆ. ಶೋಧಗಂಗೆಗೆ ಸಾಫ್ಟ್ ಪ್ರತಿ ಕೊಡಿ, ಆರ್ಕಿಡ್ ಸಂಖ್ಯೆ ಮಾಡಿಸಿ, ವಿದ್ವಾನ್ ಪುಟ ತುಂಬಿ ಎಂದು ವಿಶ್ವವಿದ್ಯಾಲಯದವರು ಹೇಳುತ್ತಿದ್ದಾರೆ. ವಿಭಾಗದ ಹಿರಿಯರೊಬ್ಬರು, ‘ಎಲ್ಲವನ್ನೂ ಹೊರಗಿಟ್ಟರೆ ಯಾರಾದರೂ ಕದಿಯುತ್ತಾರೆ, ಆಮೇಲೆ ಲೇಖನವೂ ಅಚ್ಚಾಗುವುದಿಲ್ಲ’ ಎನ್ನುತ್ತಾರೆ. ಹಣ ಕೊಟ್ಟರೆ ಮುಕ್ತವಾಗಿ ಪ್ರಕಟಿಸುತ್ತೇವೆ ಎನ್ನುವ ಪತ್ರಿಕೆಗಳ ಇಮೇಲ್‌ಗಳೂ ಬರುತ್ತಿವೆ. ಇವೆಲ್ಲಕ್ಕೂ ಒಂದಕ್ಕೊಂದು ಏನು ಸಂಬಂಧ? ಇದರಲ್ಲಿ ಗ್ರಂಥಾಲಯದಿಂದ ನನಗೆ ಏನು ಸಹಾಯ ಸಿಗುತ್ತದೆ?

ಉತ್ತರ: ನಿಮ್ಮ ಹಿರಿಯರ ಭಯದಿಂದಲೇ ಆರಂಭಿಸುತ್ತೇನೆ. ಆ ಭಯ ಹೋಗದೆ ಉಳಿದ ಯಾವ ಸಲಹೆಯೂ ಮನಸ್ಸಿಗೆ ಹತ್ತುವುದಿಲ್ಲ.

ಕದಿಯಲು ಅತ್ಯಂತ ಸುಲಭವಾದ ಪ್ರಬಂಧವೆಂದರೆ ಗಟ್ಟಿ ರಟ್ಟು ಹಾಕಿ, ಬಂಗಾರದ ಬಣ್ಣದ ಅಕ್ಷರ ಒತ್ತಿಸಿ, ವಿಭಾಗದ ಬೀರುವಿನೊಳಗೆ ಬೀಗ ಹಾಕಿಟ್ಟ ಪ್ರಬಂಧ. ಅದನ್ನು ಓದಿದವರು ಮಾರ್ಗದರ್ಶಕರು, ಪರೀಕ್ಷಕರು ಮತ್ತು ಒಂದಿಬ್ಬರು ಸ್ನೇಹಿತರು. ಅದರಿಂದ ಎರಡು ಅಧ್ಯಾಯ ಎತ್ತಿ ಬೇರೆ ಊರಿನಲ್ಲಿ ಪದವಿ ಪಡೆದರೆ, ಹೋಲಿಸಿ ನೋಡಲು ಯಾರ ಕೈಯಲ್ಲೂ ಮೂಲ ಇರುವುದಿಲ್ಲ. ಸಾಮ್ಯತೆ ಪತ್ತೆಹಚ್ಚುವ ತಂತ್ರಾಂಶಕ್ಕೂ ಬೀರುವಿನ ಬೀಗ ತೆಗೆಯಲು ಬರುವುದಿಲ್ಲ. ಅದಕ್ಕೆ ಕಾಣುವುದು ಕಂಪ್ಯೂಟರ್ ಓದಬಲ್ಲ, ಜಾಲದಲ್ಲಿರುವ ಪಠ್ಯ ಮಾತ್ರ. ಅದೇ ಪ್ರಬಂಧ ನಿಮ್ಮ ಹೆಸರು, ವಿಶ್ವವಿದ್ಯಾಲಯದ ಹೆಸರು ಮತ್ತು ದಿನಾಂಕದೊಂದಿಗೆ ಸಾರ್ವಜನಿಕವಾಗಿ ಇದ್ದರೆ, ಮೊದಲು ಮಾಡಿದವರು ಯಾರು ಎಂಬ ಪ್ರಶ್ನೆಗೆ ಜಗಳವೇ ಇಲ್ಲದೆ ಉತ್ತರ ಸಿಗುತ್ತದೆ.

ಅಲ್ಲದೆ ಇದು ನಿಮ್ಮ ಇಷ್ಟಕ್ಕೆ ಬಿಟ್ಟ ವಿಷಯವೂ ಅಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ದೇಶದ ಪಿಎಚ್‌.ಡಿ. ಪ್ರಬಂಧಗಳ ಜಾಲ ಭಂಡಾರವಾದ ಶೋಧಗಂಗೆಯನ್ನು ನಡೆಸುತ್ತದೆ. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಅಲ್ಲಿಗೆ ಸಲ್ಲಿಸಬೇಕೆಂಬ ನಿಯಮ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2009ರ ನಿಯಮಾವಳಿಯಲ್ಲೇ ಬಂತು. 2016 ಮತ್ತು 2022ರ ನಿಯಮಾವಳಿಗಳಲ್ಲೂ ಮುಂದುವರಿಯಿತು. ಅಲ್ಲಿಗೆ ಕೊಟ್ಟ ಮಾತ್ರಕ್ಕೆ ಕೃತಿಸ್ವಾಮ್ಯ ನಿಮ್ಮ ಕೈಬಿಟ್ಟು ಹೋಗುವುದಿಲ್ಲ. ಶೋಧಗಂಗೆಯಲ್ಲಿರುವ ಪ್ರಬಂಧಗಳಿಗೆ ಕ್ರಿಯೇಟಿವ್ ಕಾಮನ್ಸ್‌ನ ಒಂದು ಪರವಾನಗಿ ಅನ್ವಯಿಸುತ್ತದೆ: ನಿಮ್ಮ ಹೆಸರು ಹೇಳಿ ಬಳಸಬಹುದು, ವ್ಯಾಪಾರಕ್ಕೆ ಬಳಸುವಂತಿಲ್ಲ, ಅದರಿಂದ ಹೊಸದೇನಾದರೂ ಮಾಡಿದರೆ ಅದನ್ನೂ ಇದೇ ಷರತ್ತಿನ ಮೇಲೆ ಹಂಚಬೇಕು.

‘ಲೇಖನ ಅಚ್ಚಾಗುವುದಿಲ್ಲ’ ಎಂಬ ಮಾತಿಗೂ ಬಲವಿಲ್ಲ. ಪ್ರಬಂಧದ ರೂಪದಲ್ಲಿ ಬಂದದ್ದನ್ನು ‘ಈಗಾಗಲೇ ಪ್ರಕಟವಾದದ್ದು’ ಎಂದು ದೊಡ್ಡ ವಿಜ್ಞಾನ ಪ್ರಕಾಶಕರು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ. ಲೇಖನ ಕಳುಹಿಸುವಾಗ ಸಂಪಾದಕರಿಗೆ ಬರೆಯುವ ಪತ್ರದಲ್ಲಿ ‘ಇದು ನನ್ನ ಮಹಾಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು ಆಧರಿಸಿದೆ’ ಎಂದು ತಿಳಿಸಿ, ಲೇಖನದಲ್ಲೂ ಪ್ರಬಂಧವನ್ನು ಉಲ್ಲೇಖಿಸಿ. ನಿಜವಾಗಿ ಎಚ್ಚರ ಬೇಕಾದ ಸಂದರ್ಭ ಬೇರೆ ಇದೆ. ಫ್ಲೋರೈಡ್ ಹೀರುವ ಹೊಸ ವಸ್ತುವೊಂದನ್ನು ನೀವು ತಯಾರಿಸಿದ್ದು, ಅದಕ್ಕೆ ಪೇಟೆಂಟ್ ಪಡೆಯುವ ಯೋಚನೆ ಇದ್ದರೆ, ಮೊದಲು ಪೇಟೆಂಟ್ ಅರ್ಜಿ, ಆಮೇಲೆ ಪ್ರಕಟಣೆ. ಆ ಅಧ್ಯಾಯವನ್ನು ಕೆಲಕಾಲ ತಡೆಹಿಡಿಯುವಂತೆ ವಿಶ್ವವಿದ್ಯಾಲಯಕ್ಕೆ ಮುಂಚಿತವಾಗಿಯೇ ಲಿಖಿತ ಅರ್ಜಿ ಕೊಡಿ. ನೀರಿನ ಸಮೀಕ್ಷೆಗೆ ಇಂಥ ತೊಡಕಿಲ್ಲ.

ಇನ್ನು ಇವೆಲ್ಲಕ್ಕೂ ಇರುವ ಸಂಬಂಧ. ನಿಮಗೆ ಹೇಳಿರುವ ಮೂರೂ ಬೇರೆ ಬೇರೆ ಕೆಲಸಕ್ಕೆ ಇರುವಂಥವು. ಆರ್ಕಿಡ್ ಸಂಶೋಧಕರ ಗುರುತಿನ ಸಂಖ್ಯೆ. ವಿದ್ವಾನ್ ಮತ್ತು ಅದಕ್ಕೆ ಜೋಡಿಸಿರುವ ಐಆರ್‌ಐಎನ್‌ಎಸ್, ಇನ್‌ಫ್ಲಿಬ್‌ನೆಟ್‌ನದೇ ಸಂಶೋಧನಾ ಮಾಹಿತಿ ವ್ಯವಸ್ಥೆ: ಯಾರು, ಯಾವ ವಿಭಾಗ, ಏನು ಬರೆದಿದ್ದಾರೆ, ಯಾವ ಯೋಜನೆಗೆ ಹಣ ಬಂದಿದೆ ಎಂಬುದನ್ನು ಅದು ಒಂದೆಡೆ ತೋರಿಸುತ್ತದೆ. ಶೋಧಗಂಗೆ ಭಂಡಾರ; ಅಲ್ಲಿ ಪೂರ್ಣ ಪಠ್ಯವೇ ಇರುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಮಾಹಿತಿ ವ್ಯವಸ್ಥೆ ಪಹಣಿ ಇದ್ದಂತೆ: ಒಡೆಯರ ಹೆಸರು, ಸರ್ವೆ ನಂಬರು, ವಿಸ್ತೀರ್ಣ ಎಲ್ಲವೂ ಅದರಲ್ಲಿರುತ್ತದೆ, ಆದರೆ ಬೆಳೆ ಇರುವುದು ಹೊಲದಲ್ಲಿ.

ನನಗೆ ಬೇಸರ ತರಿಸುವ ಸಂಗತಿ ಇಲ್ಲೇ ಇದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಸುಳಿವು ಸಿಕ್ಕ ಕೂಡಲೇ ಅಧ್ಯಾಪಕರನ್ನೆಲ್ಲ ಕಂಪ್ಯೂಟರ್ ಕೊಠಡಿಯಲ್ಲಿ ಕೂರಿಸಿ ಪುಟ ತುಂಬಿಸುವ ಕಾಲೇಜುಗಳು ಬೇಕಾದಷ್ಟಿವೆ. ಶೀರ್ಷಿಕೆಗಳ ಉದ್ದನೆಯ ಪಟ್ಟಿ ತಯಾರಾಗುತ್ತದೆ. ಆ ಶೀರ್ಷಿಕೆಯನ್ನು ಒತ್ತಿದರೆ ಒಂದೋ ಏನೂ ತೆರೆಯುವುದಿಲ್ಲ, ಇಲ್ಲವೇ ಡಾಲರ್ ಲೆಕ್ಕದಲ್ಲಿ ಹಣ ಕೇಳುವ ಪುಟ ತೆರೆಯುತ್ತದೆ. ಎಣಿಕೆಗೆ ಇಷ್ಟು ಸಾಕಾಗಬಹುದು. ಲಿಂಗಸುಗೂರಿನಲ್ಲಿ ಕುಳಿತು ನಿಮ್ಮದೇ ವಿಷಯದ ಮೇಲೆ ಕೆಲಸ ಆರಂಭಿಸುವ ವಿದ್ಯಾರ್ಥಿನಿಗೆ ಇದರಿಂದ ಒಂದು ಸಾಲೂ ದಕ್ಕುವುದಿಲ್ಲ. ಆದ್ದರಿಂದ ನನ್ನ ಖಚಿತವಾದ ಮಾತು ಇಷ್ಟು: ಪುಟ ತುಂಬುವ ಕೆಲಸಕ್ಕೆ ಕೊಡುವ ಸಮಯದ ಹತ್ತು ಪಟ್ಟು ಸಮಯವನ್ನು ಭಂಡಾರಕ್ಕೆ ಸೇರಿಸುವ ಕಡತಗಳಿಗೆ ಕೊಡಿ. ಭಂಡಾರದಲ್ಲಿ ಪೂರ್ಣ ಪಠ್ಯವಿದ್ದರೆ, ಪಟ್ಟಿಯ ಪ್ರತಿ ಶೀರ್ಷಿಕೆಯೂ ಅಲ್ಲಿಗೆ ದಾರಿ ತೋರಿಸುತ್ತದೆ. ಹೊರದೇಶಗಳ ಹಲವು ವಿಶ್ವವಿದ್ಯಾಲಯಗಳು ಈ ಎರಡನ್ನೂ ಜೋಡಿಸಿಯೇ ನಡೆಸುತ್ತವೆ, ಅಂಥ ಜೋಡಣೆಗೆ ಡಿಸ್ಪೇಸ್-ಕ್ರಿಸ್ ಎಂಬ ಉಚಿತ ಮುಕ್ತ ತಂತ್ರಾಂಶವೂ ಇದೆ.

ಆರ್ಕಿಡ್ ಬಗ್ಗೆ ಮಾತ್ರ ಉದಾಸೀನ ಬೇಡ. 2012ರಲ್ಲಿ ಆರಂಭವಾದ ಈ 16 ಅಂಕಿಗಳ ಸಂಖ್ಯೆ ನಮ್ಮಂಥವರಿಗೇ ಹೆಚ್ಚು ಬೇಕು. ಬಸವರಾಜ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯಲ್ಲಿ ‘ಎ’ ಹಾಕುವವರಿದ್ದಾರೆ, ಹಾಕದವರಿದ್ದಾರೆ, ‘ವಿ’ ಇರುವಲ್ಲಿ ‘ಡಬ್ಲ್ಯು’ ಬರೆಯುವವರಿದ್ದಾರೆ. ತಂದೆಯ ಹೆಸರು, ಊರಿನ ಹೆಸರು, ಮನೆತನದ ಹೆಸರು ಒಂದು ಲೇಖನದಲ್ಲಿ ಇನಿಷಿಯಲ್ ಆಗಿ ಮುಂದೆ ಬರುತ್ತವೆ, ಇನ್ನೊಂದರಲ್ಲಿ ಬಿಡಿಸಿ ಹಿಂದೆ ಬರುತ್ತವೆ. ಮದುವೆಯ ನಂತರ ಹೆಸರು ಬದಲಾದ ಅಧ್ಯಾಪಕಿಯರ ಹಳೆಯ ಲೇಖನಗಳು ಬೇರೊಬ್ಬರ ಲೆಕ್ಕಕ್ಕೆ ಹೋಗಿರುವುದೂ ಉಂಟು. ಯಂತ್ರಕ್ಕೆ ಇವರೆಲ್ಲ ಬೇರೆ ಬೇರೆ ಮನುಷ್ಯರು. ಆರ್ಕಿಡ್ ಸಂಖ್ಯೆ ಹೆಸರಿನ ಈ ಗೊಂದಲವನ್ನು ಒಮ್ಮೆಗೇ ಬಿಡಿಸುತ್ತದೆ, ಅದೂ ಉಚಿತವಾಗಿ. ಲೇಖನ ಸಲ್ಲಿಸುವಾಗಲೇ ಸಂಖ್ಯೆ ಕೊಟ್ಟು, ಒಮ್ಮೆ ಅನುಮತಿ ನೀಡಿದರೆ, ಪ್ರಕಟವಾದ ಲೇಖನದ ವಿವರ, ಲೇಖನಗಳಿಗೆ ಶಾಶ್ವತ ಗುರುತಿನ ಸಂಖ್ಯೆ ದಾಖಲಿಸುವ ಕ್ರಾಸ್‌ರೆಫ್ ಸಂಸ್ಥೆಯ ಮೂಲಕ ತಾನಾಗಿ ನಿಮ್ಮ ಆರ್ಕಿಡ್ ಪುಟಕ್ಕೆ ಬರುತ್ತದೆ. ಅಲ್ಲಿಂದ ಐಆರ್‌ಐಎನ್‌ಎಸ್ ಪುಟಕ್ಕೂ ಎಳೆದುಕೊಳ್ಳಬಹುದು. ಪ್ರತಿ ವರ್ಷ ಅದೇ ಪಟ್ಟಿಯನ್ನು ಮತ್ತೆ ಟೈಪ್ ಮಾಡುವ ಕಷ್ಟ ತಪ್ಪುತ್ತದೆ.

ಈಗ ಗ್ರಂಥಾಲಯದ ಕೆಲಸಕ್ಕೆ ಬರೋಣ. ಪಿಡಿಎಫ್ ಏರಿಸುವುದಷ್ಟೇ ಗ್ರಂಥಾಲಯದ ಪಾಲು ಎಂದು ಎಷ್ಟೋ ಜನ ತಿಳಿದಿದ್ದಾರೆ. ಶೋಧಗಂಗೆಯಲ್ಲಿ ಯಾವುದಾದರೂ ಒಂದು ಪ್ರಬಂಧವನ್ನು ತೆರೆದು ನೋಡಿ. ಶೀರ್ಷಿಕೆ ಪುಟ ಒಂದು ಕಡತ, ಪೀಠಿಕಾ ಪುಟಗಳು ಇನ್ನೊಂದು, ಪರಿವಿಡಿ, ಸಾರಾಂಶ, ಪ್ರತಿ ಅಧ್ಯಾಯ, ಅನುಬಂಧ, ಹೀಗೆ ಸಂಖ್ಯೆ ಕೊಟ್ಟು ಬೇರೆ ಬೇರೆ ಕಡತಗಳಾಗಿ ಇರುತ್ತವೆ. ಇವುಗಳ ಮೇಲೆ ಒಂದು ವಿವರಪಟ್ಟಿ ಇರುತ್ತದೆ. ನಮ್ಮ ವೃತ್ತಿಯಲ್ಲಿ ಅದನ್ನು ಮೆಟಾಡೇಟಾ ಎನ್ನುತ್ತೇವೆ. ಹುಡುಕುವವರಿಗೆ ನಿಮ್ಮ ಪ್ರಬಂಧ ಸಿಗುವುದೂ ಸಿಗದಿರುವುದೂ ಬಹುಪಾಲು ಆ ವಿವರಪಟ್ಟಿಯ ಮೇಲೆ ನಿಂತಿದೆ. ಅದನ್ನು ಅವಸರದಲ್ಲಿ ತುಂಬಿದರೆ ಮುಖ್ಯ ಪದಗಳ ಜಾಗದಲ್ಲಿ ‘ರಸಾಯನಶಾಸ್ತ್ರ, ನೀರು, ಮಾಲಿನ್ಯ’ ಎಂದಿರುತ್ತದೆ. ಇಂಥ ಪದಗಳಿರುವ ಪ್ರಬಂಧಗಳು ದೇಶದಲ್ಲಿ ಸಾವಿರಗಟ್ಟಲೆ ಇವೆ.

ನಮ್ಮ ಭಾಗದಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದೆ ಯಲಬುರ್ಗಾ, ಕುಷ್ಟಗಿ ಕುರಿತು ಕೆಲಸ ಮಾಡಿದವರೆಲ್ಲ ‘ರಾಯಚೂರು ಜಿಲ್ಲೆ’ ಎಂದೇ ಬರೆದಿದ್ದಾರೆ. ಬಳ್ಳಾರಿಯ ಇಂಗ್ಲಿಷ್ ಕಾಗುಣಿತ 2014ರಲ್ಲಿ ಅಧಿಕೃತವಾಗಿ ಬದಲಾಯಿತು. ಹಳೆಯ ಕಾಗುಣಿತದಲ್ಲಿರುವ ಪ್ರಬಂಧ ಹೊಸ ಕಾಗುಣಿತ ಹಾಕಿ ಹುಡುಕುವವರಿಗೆ ಸಿಗದೇ ಹೋಗಬಹುದು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಯಲಬುರ್ಗಾ ತಾಲ್ಲೂಕಿನೊಳಗಿದ್ದ ಕುಕನೂರು ಈಗ ಸ್ವತಂತ್ರ ತಾಲ್ಲೂಕು. ಪದವಿ ಕೊಟ್ಟ ವಿಶ್ವವಿದ್ಯಾಲಯಗಳೂ ಒಂದೇ ಅಲ್ಲ: ಬಹುಕಾಲ ಗುಲಬರ್ಗಾ ವಿಶ್ವವಿದ್ಯಾಲಯ, 2010ರಿಂದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಇತ್ತೀಚೆಗೆ ರಾಯಚೂರು ಮತ್ತು ಕೊಪ್ಪಳದ ಹೊಸ ವಿಶ್ವವಿದ್ಯಾಲಯಗಳು, ಇವುಗಳ ಜೊತೆಗೆ ಹಂಪಿ, ಧಾರವಾಡ, ಮೈಸೂರು. ಒಂದೇ ಊರಿನ ನೀರಿನ ಬಗ್ಗೆ ಐದು ಕಡೆ ಪ್ರಬಂಧ ಇರಬಹುದು, ಒಂದಕ್ಕೊಂದು ಸುಳಿವೇ ಇಲ್ಲದೆ. ಕೃಷಿ ವಿಶ್ವವಿದ್ಯಾಲಯದ ಪ್ರಬಂಧಗಳ ಭಂಡಾರವೇ ಬೇರೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ತುಂಗಭದ್ರಾ ಅಚ್ಚುಕಟ್ಟಿನ ಮಣ್ಣು, ನೀರಿನ ಮೇಲೆ ಮಾಡಿದ ಕೆಲಸವನ್ನು ಕೃಷಿಕೋಶ ಎಂಬ ಭಂಡಾರದಲ್ಲಿ ಹುಡುಕಬೇಕು, ಶೋಧಗಂಗೆಯಲ್ಲಿ ಸಿಗಲಿಲ್ಲವೆಂದು ಕೈಬಿಡಬೇಡಿ.

ಆದ್ದರಿಂದ ನಿಮ್ಮ ವಿವರಪಟ್ಟಿಯ ಮುಖ್ಯ ಪದಗಳನ್ನು ನೀವೇ ಬರೆದುಕೊಡಿ. ಕೊಪ್ಪಳ, ರಾಯಚೂರು ಎರಡೂ ಜಿಲ್ಲೆಗಳ ಹೆಸರು, ಹಳೆಯ ಮತ್ತು ಹೊಸ ತಾಲ್ಲೂಕುಗಳ ಹೆಸರು, ಸಂಗ್ರಹಿಸಿದ ವರ್ಷಗಳು, ಅಳೆದ ವಿಧಾನ, ಬಂಡೆಯ ಬಗೆ, ಇವೆಲ್ಲ ಇರಲಿ. ಸಾರಾಂಶವನ್ನು ಕನ್ನಡದಲ್ಲೂ ಒಂದು ಪುಟ ಬರೆದು ಸೇರಿಸಲು ಅವಕಾಶ ಕೇಳಿ. ಗ್ರಂಥಪಾಲಕರಿಗೆ ಫ್ಲೋರೈಡ್ ಗೊತ್ತಿರುವುದಿಲ್ಲ, ನಿಮಗೆ ಸೂಚೀಕರಣ ಗೊತ್ತಿರುವುದಿಲ್ಲ. ಅರ್ಧ ಗಂಟೆ ಜೊತೆಯಲ್ಲಿ ಕುಳಿತರೆ ಪ್ರಬಂಧದ ಆಯುಸ್ಸು ಹೆಚ್ಚುತ್ತದೆ.

ನಿಮ್ಮ ಕಾಲೇಜಿನ ಕನ್ನಡ, ಇತಿಹಾಸ ವಿಭಾಗದ ಗೆಳೆಯರಿಗೂ ಒಂದು ವಿಷಯ ತಿಳಿಸಿ, ಇದು ಅವರಿಗೆ ನಿಮಗಿಂತ ಹೆಚ್ಚು ಮುಖ್ಯ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪ್ರಬಂಧ ಪರದೆಯ ಮೇಲೆ ಚೆಂದದ ಕನ್ನಡವಾಗಿಯೇ ಕಾಣುತ್ತದೆ. ಒಳಗೆ ಮಾತ್ರ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒಂದು ಸಾಲನ್ನು ನಕಲು ಮಾಡಿ ಮೊಬೈಲ್‌ನ ಸಂದೇಶದಲ್ಲಿ ಅಂಟಿಸಿ. ಕನ್ನಡ ಬಂದರೆ ಸರಿ. ಅರ್ಥವಿಲ್ಲದ ಅಕ್ಷರಗಳು ಬಂದರೆ, ಜಗತ್ತಿನ ಯಾವ ಹುಡುಕು ಯಂತ್ರಕ್ಕೂ ಆ ಪ್ರಬಂಧ ಸಿಗುವುದಿಲ್ಲ, ಸಾಮ್ಯತೆ ತಂತ್ರಾಂಶಕ್ಕೂ ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಸಿಗುವುದಿಲ್ಲ. ಮಸ್ಕಿಯ ಶಾಸನದ ಬಗ್ಗೆ, ಕಿನ್ನಾಳದ ಕಲೆಯ ಬಗ್ಗೆ, ಈ ಸೀಮೆಯ ತತ್ವಪದಕಾರರ ಬಗ್ಗೆ ವರ್ಷಗಟ್ಟಲೆ ಊರೂರು ತಿರುಗಿ ಬರೆದದ್ದು ಹೀಗೆ ಜಾಲದಲ್ಲಿದ್ದೂ ಇಲ್ಲದಂತಾಗುವುದನ್ನು ಕಂಡರೆ ಸಂಕಟವಾಗುತ್ತದೆ. ಸಲ್ಲಿಸುವ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕೂತು ತಿದ್ದಿಕೊಳ್ಳಬೇಕು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ತಿದ್ದುವ ತಾಳ್ಮೆ ಮಾತ್ರ ನಮ್ಮದೇ ಆಗಬೇಕು.

ಇನ್ನು ನಿಮ್ಮ ಪ್ರಬಂಧದೊಳಗಿನ ನಿಜವಾದ ಸಂಪತ್ತು: ಕೊಳವೆಬಾವಿಗಳ ಅಂಕಿಅಂಶ. ಶೋಧಗಂಗೆಗೆ ಹೋದ ಮೇಲೂ ಅದು ಪಿಡಿಎಫ್‌ನ ಕೋಷ್ಟಕದೊಳಗೆ ಸಿಕ್ಕಿಹಾಕಿಕೊಂಡಿರುತ್ತದೆ. ಮುಂದಿನ ಸಂಶೋಧಕರು ಅದನ್ನು ಬಳಸಬೇಕಾದರೆ ಒಂದೊಂದೇ ಅಂಕಿ ನೋಡಿ ಮತ್ತೆ ಟೈಪ್ ಮಾಡಬೇಕು. ಆದ್ದರಿಂದ ಅಂಕಿಅಂಶವನ್ನು ಪ್ರತ್ಯೇಕ ಕಡತವಾಗಿ, ಪ್ರತ್ಯೇಕ ಗುರುತಿನ ಸಂಖ್ಯೆಯೊಂದಿಗೆ ಇಡಿ. ವಿಶ್ವವಿದ್ಯಾಲಯಕ್ಕೆ ದತ್ತಾಂಶ ಇಡುವ ಭಂಡಾರ ಇಲ್ಲದಿದ್ದರೆ ಝೆನೋಡೋ ಇದೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ 2013ರಿಂದ ನಡೆಸುತ್ತಿರುವ ಭಂಡಾರ ಅದು. ಯಾವ ದೇಶದವರೂ ಉಚಿತವಾಗಿ ಬಳಸಬಹುದು, ಪ್ರತಿ ದಾಖಲೆಗೂ ಡಿಒಐ ಎಂಬ ಶಾಶ್ವತ ಸಂಖ್ಯೆ ಸಿಗುತ್ತದೆ.

ಕಡತ ಹೇಗಿರಬೇಕು ಎಂಬುದರಲ್ಲೇ ಎಲ್ಲವೂ ಅಡಗಿದೆ. ಸಾಲಿಗೊಂದು ಮಾದರಿ, ಕಾಲಂಗೊಂದು ವಿವರ. ಬಣ್ಣ ಬಳಿದು ‘ಕೆಂಪು ಇರುವುದು ಅಪಾಯಕಾರಿ’ ಎಂದು ಗುರುತಿಸಬೇಡಿ. ಸಿಎಸ್‌ವಿ ಕಡತವಾಗಿ ಉಳಿಸಿದ ಕೂಡಲೇ ಬಣ್ಣ ಹೋಗುತ್ತದೆ. ಬಾವಿಗೆ ‘3-12’ ಎಂದು ಸಂಖ್ಯೆ ಕೊಟ್ಟಿದ್ದರೆ ಎಕ್ಸೆಲ್ ಅದನ್ನು ತಾನಾಗಿ ದಿನಾಂಕ ಮಾಡಿಬಿಡುತ್ತದೆ, ಅದಕ್ಕೆ ಮುಂದೊಂದು ಅಕ್ಷರ ಸೇರಿಸಿ. ಖಾಲಿ ಬಿಟ್ಟ ಚೌಕಕ್ಕೆ ಏನರ್ಥ? ಆ ದಿನ ಪಂಪ್ ಕೆಟ್ಟಿದ್ದರಿಂದ ನೀರು ಸಿಗಲಿಲ್ಲವೆಂದೇ, ಅಥವಾ ಅಳೆದರೂ ಉಪಕರಣದ ಮಿತಿಗಿಂತ ಕಡಿಮೆ ಬಂತೆಂದೇ? ಈ ಎರಡಕ್ಕೂ ಬೇರೆ ಬೇರೆ ಗುರುತು ಬೇಕು, ಯಾವುದಕ್ಕೂ ಸೊನ್ನೆ ಹಾಕಕೂಡದು. ಸೊನ್ನೆ ಹಾಕಿದರೆ ಮುಂದೆ ಸರಾಸರಿ ತೆಗೆಯುವವರ ಲೆಕ್ಕದಲ್ಲಿ ಆ ಊರಿನ ನೀರು ಇದ್ದುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ.

ತಿಂಗಳನ್ನು ತಪ್ಪದೆ ಬರೆಯಿರಿ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಒಂದೇ ಬಾವಿ ಮೇ ತಿಂಗಳಲ್ಲಿ ಈ ಗೆರೆ ದಾಟಿ, ಮಳೆಗಾಲ ಕಳೆದ ಮೇಲೆ ಗೆರೆಯೊಳಗೆ ಬರಬಹುದು. ತಿಂಗಳಿಲ್ಲದ ಅಂಕಿಯಿಂದ ಯಾವ ತೀರ್ಮಾನಕ್ಕೂ ಬರಲಾಗದು. ಎಲೆಕ್ಟ್ರೋಡ್‌ನಿಂದ ಅಳೆದಿರೋ, ಬಣ್ಣದ ಬದಲಾವಣೆ ನೋಡಿ ಅಳೆಯುವ ಸ್ಪ್ಯಾಡ್ನ್ಸ್ ವಿಧಾನದಿಂದಲೋ, ಬಾವಿಯ ಆಳವೆಷ್ಟು, ಆಳವನ್ನು ಹೇಳಿದವರು ಯಾರು, ಇದನ್ನೆಲ್ಲ ಜೊತೆಯಲ್ಲಿಡುವ ವಿವರಣೆ ಕಡತದಲ್ಲಿ ಸರಳವಾಗಿ ಬರೆಯಿರಿ. ಊರಿನ ಹೆಸರಿನ ಪಕ್ಕದಲ್ಲಿ ಕೇಂದ್ರ ಸರ್ಕಾರದ ಸ್ಥಳೀಯಾಡಳಿತ ಡೈರೆಕ್ಟರಿಯ ಗ್ರಾಮ ಸಂಕೇತವನ್ನೂ ಹಾಕಿ. ಹಿರೇ, ಚಿಕ್ಕ ಎಂದು ಜೋಡಿ ಜೋಡಿಯಾಗಿರುವ ಊರುಗಳು, ಒಂದೇ ಹೆಸರಿನ ಎರಡು ಊರುಗಳು ನಮ್ಮಲ್ಲಿ ಎಷ್ಟಿವೆ ಎಂದು ನಿಮಗೆ ಹೇಳಬೇಕಿಲ್ಲ.

ತೆರೆದಿಡಬಾರದ್ದೂ ಇದೆ. ಸರ್ಕಾರಿ ಕೈಪಂಪಿನ, ಪಂಚಾಯಿತಿ ಕೊಳವೆಬಾವಿಯ ಅಂಕಿ ಸಾರ್ವಜನಿಕರದು, ಸ್ಥಳದ ಸಮೇತ ಇಡಿ. ರೈತರ ಖಾಸಗಿ ಬಾವಿಯಾದರೆ ಮಾಲೀಕರ ಹೆಸರು, ಸರ್ವೆ ನಂಬರು ತೆಗೆದುಹಾಕಿ, ಅಕ್ಷಾಂಶ ರೇಖಾಂಶಗಳನ್ನು ಊರಿನ ಮಟ್ಟಕ್ಕೆ ಸ್ಥೂಲಗೊಳಿಸಿ. ಅವರು ನೀರು ಕೊಟ್ಟದ್ದು ನಿಮ್ಮ ಮೇಲಿನ ನಂಬಿಕೆಯಿಂದ. ಶಾಲಾ ಮಕ್ಕಳ ಹಲ್ಲು ಪರೀಕ್ಷಿಸಿದ್ದರೆ ಆ ಹೆಸರುಗಳೂ ಮುಖ ಕಾಣುವ ಚಿತ್ರಗಳೂ ಎಲ್ಲಿಯೂ ಹೊರಗೆ ಬರಕೂಡದು. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದು 2023ರಲ್ಲಿ ಕಾಯ್ದೆಯೇ ಬಂದಿದೆ. ಪುರಾತತ್ವದವರಿಗೂ ಇದೇ ಎಚ್ಚರ ಬೇಕು. ಹಿರೇಬೆಣಕಲ್‌ನ ಶಿಲಾಸಮಾಧಿಗಳು ಎಲ್ಲರಿಗೂ ಗೊತ್ತು, ಆದರೆ ಕಾವಲಿಲ್ಲದ ಗುಡ್ಡದ ಮೇಲೆ ಹೊಸದಾಗಿ ಕಂಡ ನೆಲೆಯ ನಿಖರ ಸ್ಥಳವನ್ನು ಜಾಲಕ್ಕೆ ಹಾಕಿದರೆ ನಿಧಿಗಳ್ಳರಿಗೆ ನಾವೇ ದಾರಿ ತೋರಿಸಿದಂತಾಗುತ್ತದೆ. ಮುಕ್ತ ವಿಜ್ಞಾನದ ಕುರಿತು ಯುನೆಸ್ಕೋ 2021ರ ನವೆಂಬರ್‌ನಲ್ಲಿ ಅಂಗೀಕರಿಸಿದ ಶಿಫಾರಸು ಕೂಡ ಖಾಸಗಿತನ, ಸ್ಥಳೀಯ ಸಮುದಾಯಗಳ ಜ್ಞಾನ ಇಂಥ ಕಡೆಗಳಲ್ಲಿ ಮಿತಿಯನ್ನು ಒಪ್ಪುತ್ತದೆ.

ಹಣ ಕೇಳುವ ಪತ್ರಿಕೆಗಳ ವಿಚಾರ. ‘ಮುಕ್ತ’ ಎಂದರೆ ಲೇಖಕರು ದುಡ್ಡು ಕಟ್ಟುವುದು ಎಂಬ ತಿಳಿವಳಿಕೆ ಹೇಗೋ ಬೇರೂರಿಬಿಟ್ಟಿದೆ. ಓದುವವರಿಂದಲೂ ಬರೆಯುವವರಿಂದಲೂ ಹಣ ಪಡೆಯದ ಪತ್ರಿಕೆಗಳು ಇವೆ. ಡಿಒಎಜೆ ಎಂಬ ಮುಕ್ತ ಪತ್ರಿಕೆಗಳ ಸೂಚಿಯಲ್ಲಿ ‘ಶುಲ್ಕವಿಲ್ಲದವು’ ಎಂದು ಆಯ್ದುಕೊಂಡು ಹುಡುಕಬಹುದು. ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗಳ ಲೇಖನಗಳು ಅಕಾಡೆಮಿಯ ಜಾಲತಾಣದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಅವುಗಳಲ್ಲಿ ಭೂವಿಜ್ಞಾನದ ಪತ್ರಿಕೆ ನಿಮ್ಮ ವಿಷಯಕ್ಕೂ ಹೊಂದುತ್ತದೆ. ನಿಮಗೆ ಬರುವ ಇಮೇಲ್‌ಗಳನ್ನು ಹೀಗೆ ನೋಡಿ: ನಾಲ್ಕೈದು ದಿನದಲ್ಲಿ ಪರಿಶೀಲನೆ ಮುಗಿಸುತ್ತೇವೆ ಎನ್ನುವುದು, ಗಣಿತದಿಂದ ಯೋಗದವರೆಗೆ ಎಲ್ಲ ವಿಷಯಗಳನ್ನೂ ಒಂದೇ ಸಂಚಿಕೆಯಲ್ಲಿ ಹಾಕುವುದು, ಐಎಸ್‌ಎಸ್‌ಎನ್ ಇದೆ ಎಂಬುದನ್ನೇ ಗುಣಮಟ್ಟದ ಗುರುತೆಂದು ಹೇಳಿಕೊಳ್ಳುವುದು. ಇಂಥವನ್ನು ಅಳಿಸಿಹಾಕಿ. ಐಎಸ್‌ಎಸ್‌ಎನ್ ಬರಿಯ ಗುರುತಿನ ಸಂಖ್ಯೆ, ಕೇಳಿದ ಪತ್ರಿಕೆಗೆಲ್ಲ ಸಿಗುತ್ತದೆ. ಒಪ್ಪಿತ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟದ್ದರಿಂದ ಪತ್ರಿಕೆಯ ಗುಣ ಅಳೆಯುವ ಹೊಣೆ ಈಗ ಸಂಸ್ಥೆಗಳ ಮೇಲೂ ನಿಮ್ಮ ಮೇಲೂ ಇದೆ. ಅನುಮಾನ ಬಂದಾಗ ಹಣ ಕಟ್ಟುವ ಮುನ್ನ ಗ್ರಂಥಪಾಲಕರಿಗೆ ತೋರಿಸಿ. ಆ ಐದು ನಿಮಿಷದ ಕೆಲಸಕ್ಕೆ ಯಾವ ಗ್ರಂಥಪಾಲಕರೂ ಬೇಡ ಎನ್ನುವುದಿಲ್ಲ.

ಚಂದಾ ಪತ್ರಿಕೆಯಲ್ಲೇ ಪ್ರಕಟಿಸಿದರೂ ಲೇಖನವನ್ನು ತೆರೆದಿಡುವ ದಾರಿ ಇದೆ, ಅದಕ್ಕೆ ಒಂದು ರೂಪಾಯಿಯೂ ಬೇಕಿಲ್ಲ. ಪರಿಶೀಲಕರ ಸಲಹೆಯಂತೆ ನೀವು ತಿದ್ದಿ ಕಳುಹಿಸಿದ, ಸಂಪಾದಕರು ಒಪ್ಪಿದ, ಆದರೆ ಪ್ರಕಾಶಕರು ಇನ್ನೂ ಪುಟ ವಿನ್ಯಾಸ ಮಾಡಿರದ ಆ ವರ್ಡ್ ಪ್ರತಿಯನ್ನು ಜೋಪಾನ ಮಾಡಿ. ಬಹಳಷ್ಟು ಪ್ರಕಾಶಕರು ಅದನ್ನು ಸಾಂಸ್ಥಿಕ ಭಂಡಾರದಲ್ಲಿ ಇಡಲು ಬಿಡುತ್ತಾರೆ, ಕೆಲವರು ಒಂದು ವರ್ಷ, ಕೆಲವರು ಎರಡು ವರ್ಷ ಕಾಯಿಸುತ್ತಾರೆ. ಯಾವ ಪತ್ರಿಕೆಯ ಷರತ್ತು ಏನೆಂದು ಶೆರ್ಪಾ ರೋಮಿಯೋ ಹೆಸರಿನಿಂದ ಬೆಳೆದ ಸೂಚಿಯಲ್ಲಿ ನೋಡಬಹುದು. ಈಗ ಅದರ ಹೆಸರು ಓಪನ್ ಪಾಲಿಸಿ ಫೈಂಡರ್. ಭಾರತದ ಮೊದಲ ಸಾಂಸ್ಥಿಕ ಭಂಡಾರ 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾಯಿತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆಗಳ ಹಣದಿಂದ ನಡೆದ ಸಂಶೋಧನೆಯ ಲೇಖನಗಳನ್ನು ಭಂಡಾರಕ್ಕೆ ಸೇರಿಸಬೇಕೆಂಬ ನೀತಿ 2014ರಲ್ಲೇ ಬಂದಿದೆ. ಇಷ್ಟಾದರೂ ಒಪ್ಪಿತ ಪ್ರತಿ ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನವರ ಬಳಿ ಇರುವುದಿಲ್ಲ, ಹಳೆಯ ಲ್ಯಾಪ್‌ಟಾಪ್‌ನೊಂದಿಗೇ ಹೋಗಿರುತ್ತದೆ. ಒಪ್ಪಿಗೆಯ ಇಮೇಲ್ ಬಂದ ದಿನವೇ ಪ್ರತಿಯನ್ನು ಗ್ರಂಥಾಲಯಕ್ಕೆ ಕಳುಹಿಸಿಬಿಡಿ. ಕಾಯಬೇಕಾದ ಅವಧಿಯ ಲೆಕ್ಕವನ್ನು ಅವರು ಇಟ್ಟುಕೊಳ್ಳುತ್ತಾರೆ.

‘ಒಂದು ದೇಶ ಒಂದು ಚಂದಾ’ ಯೋಜನೆ ಬಂದ ಮೇಲೆ ಇದರ ಅಗತ್ಯವೇನು ಎಂದು ನಿಮ್ಮ ಹಿರಿಯರು ಕೇಳಬಹುದು. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ಅನುಮೋದಿಸಿದ ಆ ಯೋಜನೆಯಡಿ 3 ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಸಂಸ್ಥೆಗಳಿಗೆ ಒದಗಿಸಲಾಗಿದೆ. ಅದು ಒಳ್ಳೆಯ ಅನುಕೂಲ. ನಿಮ್ಮ ಕಾಲೇಜು ಅದರಲ್ಲಿ ನೋಂದಾಯಿಸಿದೆಯೇ ಎಂದು ಇಂದೇ ವಿಚಾರಿಸಿ. ಆದರೆ ಅದರಿಂದ ಓದಲು ಸಿಗುವುದು ಸರ್ಕಾರಿ ಸಂಸ್ಥೆಯೊಳಗಿರುವವರಿಗೆ. ಪಕ್ಕದ ಬೀದಿಯ ಖಾಸಗಿ ಕಾಲೇಜಿನ ಅಧ್ಯಾಪಕರು, ನೀರಿನ ಮೇಲೆ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಯವರು, ಕುಷ್ಟಗಿಯ ದಂತವೈದ್ಯರು, ಪದವಿ ಮುಗಿಸಿ ಮನೆಯಲ್ಲಿರುವ ನಿಮ್ಮದೇ ವಿದ್ಯಾರ್ಥಿ, ಇವರೆಲ್ಲ ಹೊರಗೇ ಉಳಿಯುತ್ತಾರೆ. ಸಂಗನಕಲ್ಲಿನ ನವಶಿಲಾಯುಗದ ಬಗ್ಗೆ, ತುಂಗಭದ್ರೆಯ ಕಾಲುವೆಗಳ ಬಗ್ಗೆ ಜಗತ್ತಿನ ಎಲ್ಲೆಲ್ಲಿಂದಲೋ ಬಂದವರು ಅಧ್ಯಯನ ಮಾಡಿ ಹೋಗಿದ್ದಾರೆ. ಅವರಿಗೆ ನೀರು, ನೆರಳು, ಮಾಹಿತಿ ಕೊಟ್ಟ ಊರಿನವರಿಗೆ ಆ ಲೇಖನ ಓದಲು ಸಿಗುವುದಿಲ್ಲ. ನಮ್ಮವರು ಮಾಡಿದ ಅಧ್ಯಯನವೂ ಹಾಗಾಗಬಾರದೆಂದೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಿಮ್ಮ ಕಾಲೇಜಿನ ಗ್ರಂಥಾಲಯದಿಂದ ಏನಾದೀತು? ಸ್ವಂತ ಭಂಡಾರ ಕಟ್ಟುವ ಆಸೆ ಸಣ್ಣ ಕಾಲೇಜಿಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಭಂಡಾರ ನಡೆಸುವ ಡಿಸ್ಪೇಸ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದನ್ನು ವರ್ಷಗಟ್ಟಲೆ ಕಾಯ್ದುಕೊಂಡು, ಹೊಸ ಆವೃತ್ತಿಗೆ ಏರಿಸಿ, ಬ್ಯಾಕಪ್ ಇಡುವ ಮನುಷ್ಯರು ಬೇಕು. ಅವರಿಲ್ಲದೆ ಆರಂಭಿಸಿದರೆ, ಸರ್ವರ್ ಕೆಟ್ಟ ದಿನ ಎಲ್ಲರ ಕೆಲಸವೂ ಒಟ್ಟಿಗೇ ಹೋಗುತ್ತದೆ. ಭಂಡಾರವನ್ನು ವಿಶ್ವವಿದ್ಯಾಲಯ ನಡೆಸಲಿ. ಕಾಲೇಜಿನ ಗ್ರಂಥಪಾಲಕರು ಅಧ್ಯಾಪಕರಿಂದ ಪ್ರತಿ ಸಂಗ್ರಹಿಸುವುದು, ಪ್ರಕಾಶಕರ ಷರತ್ತು ನೋಡುವುದು, ಮುಖ್ಯ ಪದ ತಿದ್ದುವುದು, ಪತ್ರಿಕೆ ಅಸಲಿಯೋ ನಕಲಿಯೋ ಎಂದು ಹೇಳುವುದು ಇಂಥ ಕೆಲಸ ಮಾಡಲಿ. ಇದಕ್ಕೆ ಪ್ರತ್ಯೇಕ ಬಜೆಟ್ ಬೇಕಿಲ್ಲ. ಪ್ರಾಂಶುಪಾಲರು ಇದನ್ನು ಗ್ರಂಥಪಾಲಕರ ಕೆಲಸವೆಂದು ಒಪ್ಪಿ ಸಮಯ ಬಿಡಿಸಿಕೊಟ್ಟರೆ ಆಯಿತು.

ಕೊನೆಯದಾಗಿ, ಯಾವುದು ಮೊದಲು ಎಂಬ ಕ್ರಮ. ಆರ್ಕಿಡ್ ಸಂಖ್ಯೆ ಇವತ್ತೇ ಮಾಡಿಕೊಳ್ಳಿ. ಆಮೇಲೆ ಅಂಕಿಅಂಶದ ಕಡತ ಸಿದ್ಧಪಡಿಸಿ ಝೆನೋಡೋದಲ್ಲಿ ಕರಡಾಗಿ ಇಡಿ. ಪ್ರಕಟಿಸುವ ಮೊದಲೇ ಡಿಒಐ ಸಂಖ್ಯೆಯನ್ನು ಕಾಯ್ದಿರಿಸುವ ಸೌಲಭ್ಯ ಅಲ್ಲಿದೆ. ಆ ಸಂಖ್ಯೆಯನ್ನು ಪ್ರಬಂಧದ ವಿಧಾನ ಅಧ್ಯಾಯದಲ್ಲೂ ಅನುಬಂಧದ ಆರಂಭದಲ್ಲೂ ಬರೆಯಿರಿ. ಮಿತಿ ಮೀರಿದ ಸಾರ್ವಜನಿಕ ಬಾವಿಗಳ ಪಟ್ಟಿಯನ್ನು ಕನ್ನಡದಲ್ಲಿ ಒಂದು ಪುಟ ಮಾಡಿ, ಸಂಬಂಧಪಟ್ಟ ಗ್ರಾಮ ಪಂಚಾಯಿತಿಗೂ ಗ್ರಾಮೀಣ ಕುಡಿಯುವ ನೀರಿನ ಕಚೇರಿಗೂ ಮೌಖಿಕ ಪರೀಕ್ಷೆಗೆ ಕಾಯದೆ ತಲುಪಿಸಿ. ಕಡತವನ್ನು ಝೆನೋಡೋದಲ್ಲಿ ಸಾರ್ವಜನಿಕಗೊಳಿಸುವ ದಿನವನ್ನು ಮಾರ್ಗದರ್ಶಕರೊಂದಿಗೆ ಮಾತನಾಡಿ ನಿಶ್ಚಯಿಸಬಹುದು, ಆದರೆ ಸಂಖ್ಯೆ ಕಾಯ್ದಿರಿಸುವ ಕೆಲಸ ಮಾತ್ರ ಪ್ರಬಂಧ ಬೈಂಡಿಂಗ್‌ಗೆ ಹೋಗುವ ಮೊದಲೇ ಆಗಬೇಕು.